ಎರಡು ಬೇವಿನ ಟೊಂಗೆ

ಅಣ್ಣಿಗೇರಿ, ತಾ. ನವಲಗುಂದ
ಶನಿವಾರ, ೭ ಏಪ್ರಿಲ್ ೧೯೮೪

ಮುಂಬಯಿಯಲ್ಲಿರುವ ನಿಮಗೆ,

ಹೋದ ಸಲ ನಿಮ್ಮನ್ನು ಹೇಗೆ ಕರೆಯಬೇಕೆಂದು ತಿಳಿಯದೆ ಎರಡು ಹಾಳೆ ಕೆಡಿಸಿದ್ದೆ. ಹೆಸರು ಬರೆದರೆ ಅವ್ವ ನಗುತ್ತಾಳೆ. ಪೂಜ್ಯರೇ ಎಂದು ಬರೆದರೆ ಧಾರವಾಡದ ನಮ್ಮ ಕಾಲೇಜಿನ ಪ್ರಿನ್ಸಿಪಾಲರು ಕಣ್ಣ ಮುಂದೆ ಬರುತ್ತಾರೆ. ಈ ಸಲವೂ ಹೀಗೇ ಇರಲಿ. ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ದೇವಿಕೊಪ್ಪದಿಂದ ನಿಮ್ಮ ತಾಯಿಯವರು ಬುಧವಾರ ಬಂದು, ಮದುವೆ ಸೀರೆಯ ಬಣ್ಣ ಕೇಳಿಕೊಂಡು ಹೋದರು. ಯಾವುದಾದರೂ ಆದೀತು ಎಂದೆ. ಅವರು ನನ್ನ ಗಲ್ಲ ಹಿಡಿದು, "ಏನ ಕೇಳಿದ್ರೂ ಯಾವದಾದ್ರೂ ಆದೀತ ಅಂತೈತಿ ಈ ಹುಡಿಗಿ. ನಾಳೆ ನನ್ನ ಮಗಾ ಏನ ಅಡಗಿ ಅಂತ ಕೇಳಿದ್ರೂ ಇದನ್ನ ಹೇಳ್ತೀಯೇನ್ ಮತ್ತ?" ಎಂದು ನಕ್ಕರು.

ನಿಮ್ಮ ಪತ್ರ ಮಂಗಳವಾರ ಬಂತು. ಅದನ್ನು ನಾಲ್ಕು ಸಲ ಓದಿದೆ. ಮೊದಲ ಸಲ ಬಹಳ ಖುಷಿಯಾಯಿತು. ನಾಲ್ಕನೆಯ ಸಲ ಓದುವಾಗ ಅರ್ಧಕ್ಕೇ ಮಡಚಿಟ್ಟೆ. ಯಾಕೆಂದು ಹೇಳಲು ಈ ಪತ್ರ.

ನನ್ನನ್ನು ನೋಡಲು ಬಂದ ದಿನ ನೀವು ಒಂದೇ ಪ್ರಶ್ನೆ ಕೇಳಿದ್ದಿರಿ, ಬಿ.ಎ. ಮುಗಿಸಿ ಮನೆಯಲ್ಲಿದ್ದೀರಿ, ಹೊತ್ತು ಹೇಗೆ ಹೋಗುತ್ತದೆ ಎಂದು. ನಾನು ತಲೆ ಎತ್ತದೆ, "ಮಾಳಗಿ ಮ್ಯಾಲೆ ಕೂತು ನೋಡ್ತೀನ್ರಿ" ಎಂದಿದ್ದೆ. ಒಳಗೆ ಹೋದ ಮೇಲೆ ಇದೆಂಥ ಉತ್ತರವೆಂದು ನನಗೇ ನಾಚಿಕೆಯಾಯಿತು. ಆದರೆ ನಿಶ್ಚಯವಾಗಿ ಉಡಿ ತುಂಬಿದ ಮೇಲೆ ನೀವು ಬರೆದ ಮೊದಲ ಪತ್ರದಲ್ಲಿ, ಮಾಳಿಗೆಯಿಂದ ಏನು ಕಾಣುತ್ತದೆ ಬರೆಯಿರಿ ಎಂದು ಕೇಳಿದ್ದಿರಿ. ನನಗೆ ಹಾಗೆ ಯಾರೂ ಕೇಳಿರಲಿಲ್ಲ. ಅದಕ್ಕೇ ನಮ್ಮ ಮನೆ ಎದುರಿನ, ಹತ್ತಿಯ ಬೀಜ ಬಿಡಿಸುವ ಜಿನ್ನಿನ ಗೇಟಿನ ಬಗ್ಗೆ, ಗೇಟು ಕಾಯುವ ಮಾಬುಸಾಬನ ಬಗ್ಗೆ ಆರು ಪುಟ ಬರೆದೆ.

ಏನು ಬರೆದಿದ್ದೆನೆಂದು ಮತ್ತೊಮ್ಮೆ ಹೇಳುತ್ತೇನೆ, ಏಕೆಂದರೆ ತಪ್ಪು ಅದರೊಳಗೇ ಇದೆ. ಜಿನ್ನಿಗೆ ಹೋಗುವ ಓಣಿ ಸಣ್ಣದು, ಎರಡೂ ಕಡೆ ಗೋಡೆ. ಕೊನೆಯಲ್ಲಿ ತೂಕದ ಕಾಟಾ, ಅದೂ ಒಂದೇ. ಹತ್ತಿ ತುಂಬಿದ ಚಕ್ಕಡಿಗಳೂ ಟ್ರ್ಯಾಕ್ಟರುಗಳೂ ಅದೇ ಓಣಿಯಲ್ಲಿ ಹೋಗಬೇಕು. ಟ್ರ್ಯಾಕ್ಟರ್ ಹೋದ ಮೇಲೆ ಓಣಿಯ ತುಂಬ ಹೊಗೆ, ಸದ್ದು. ಅದು ಇಳಿಯುವ ತನಕ ಎತ್ತು ಹೆಜ್ಜೆ ಇಡುವುದಿಲ್ಲ, ಇಟ್ಟರೆ ಬೆದರಿ ಗೋಡೆಗೆ ಗಾಡಿ ತಾಗಿಸುತ್ತದೆ. ಟ್ರ್ಯಾಕ್ಟರಿನ ಹಿಂದೆ ಟ್ರ್ಯಾಕ್ಟರ್ ಹೋಗಲು ಇದ್ಯಾವ ಅಡ್ಡಿಯೂ ಇಲ್ಲ. ಬಂದವರನ್ನು ಬಂದ ಹಾಗೇ ಬಿಟ್ಟರೆ, ಟ್ರ್ಯಾಕ್ಟರಿನ ಹಿಂದೆ ಗಾಡಿ ಬಂದಾಗಲೆಲ್ಲ ಹೊಗೆ ಇಳಿಯಲಿ ಎಂದು ಕಾಯುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಈ ವರ್ಷ ಮಾಬುಸಾಬ ಪಾಳಿ ಮುರಿದ. ನಾಲ್ಕೈದು ಗಾಡಿ ಕೂಡಿದ ಮೇಲೆ ಅವನ್ನೆಲ್ಲ ಒಟ್ಟಿಗೆ ಬಿಡುವುದು, ಆಮೇಲೆ ಟ್ರ್ಯಾಕ್ಟರುಗಳನ್ನೆಲ್ಲ ಒಟ್ಟಿಗೆ. ಗಾಡಿ, ಟ್ರ್ಯಾಕ್ಟರ್ ಎಲ್ಲ ಸೇರಿ ದಿನಕ್ಕೆ ಮೂವತ್ತು ಒಳಗೆ ಹೋಗುತ್ತಿದ್ದಲ್ಲಿ ನಲವತ್ತರ ಮೇಲೆ ಹೋದವು. ಆ ಪತ್ರವನ್ನು ನಾನು ಹೀಗೆ ಮುಗಿಸಿದ್ದೆ: "ಸಂಜೆ ಐದಕ್ಕೆ ಗೇಟಿನ ಮುಂದೆ ಧೂಳು ಮಾತ್ರ ಉಳಿದಿತ್ತು, ಕಾಯುವವರು ಒಬ್ಬರೂ ಇರಲಿಲ್ಲ."

ಆ ವಾಕ್ಯವನ್ನು ಮೂರು ಸಲ ತಿದ್ದಿ ಬರೆದದ್ದು. ಬರೆದು ಮುಗಿಸಿ, ನನ್ನಷ್ಟಕ್ಕೆ ನಾನೇ ಒಮ್ಮೆ ಗಟ್ಟಿಯಾಗಿ ಓದಿಕೊಂಡಿದ್ದೆ.

ಈಗ ನೀವು ಬರೆದಿದ್ದೀರಿ, ನಿಮ್ಮ ಆಕಾಶದಲ್ಲೂ ಇದೇ ತೊಡಕೆಂದು. ವಿಮಾನಗಳಿಗೆ ದಾರಿ ಹೇಳುವವರು ಎಂದರೆ ನೀವು ದಿನವಿಡೀ ಆಕಾಶ ನೋಡುತ್ತ ಕೂಡುವವರೆಂದು ನಾನು ತಿಳಿದಿದ್ದೆ. ನಿಮ್ಮ ಕೋಣೆಗೆ ಕಿಟಕಿಯೇ ಇಲ್ಲವೆಂದು ಓದಿ ಬೆರಗಾದೆ. ಒಂದೊಂದು ವಿಮಾನಕ್ಕೆ ಒಂದೊಂದು ಕಾಗದದ ಪಟ್ಟಿ, ಅದರ ಮೇಲೆ ಅದರ ಹೊತ್ತು, ಎತ್ತರ. ಇಳಿಯಬೇಕಾದವು ಒಂದರ ಮೇಲೊಂದು ಸಾವಿರ ಅಡಿ ಬಿಟ್ಟು ಸುತ್ತುತ್ತಿರುತ್ತವೆ; ಕೆಳಗಿನದು ಇಳಿದರೆ ಮೇಲಿನದು ಒಂದು ಮೆಟ್ಟಿಲು ಕೆಳಗೆ ಬರುತ್ತದೆ. ಮೊದಲು ಬಂದದ್ದಕ್ಕೆ ಮೊದಲ ಪಾಳಿ. ಆದರೆ ದೊಡ್ಡ ವಿಮಾನದ ಹಿಂದೆ ಗಾಳಿ ಸುಳಿಯಾಗಿ ಏಳುತ್ತದೆ, ಸಣ್ಣದು ಆ ಸುಳಿಗೆ ಸಿಕ್ಕರೆ ಮಗುಚುವ ಭಯ, ಅದಕ್ಕಾಗಿ ಅದನ್ನು ಬಹಳ ದೂರ ಹಿಂದೆ ಇಡಬೇಕು. ದೊಡ್ಡದರ ಹಿಂದೆ ದೊಡ್ಡದು ಬಂದರೆ ಅಷ್ಟು ದೂರ ಬೇಡ. ಇದನ್ನು ಓದುವಾಗ ನನಗೆ ನಮ್ಮ ಓಣಿಯ ಹೊಗೆಯೇ ಮೂಗಿಗೆ ಬಡಿದಂತಾಯಿತು.

ನೀವು ಬೆಂಕಿಪೆಟ್ಟಿಗೆಗಳನ್ನೂ ಕಡ್ಡಿಗಳನ್ನೂ ನೆಲದ ಮೇಲೆ ಹರಡಿ, ಕಳೆದುಹೋದ ಒಂದು ದಿನದ ವಿಮಾನಗಳನ್ನೆಲ್ಲ ಮಾಬುಸಾಬನ ರೀತಿಯಲ್ಲಿ ಮತ್ತೆ ಇಳಿಸಿ ನೋಡಿದಿರಿ. ತಾಸಿಗೆ ಹದಿನೆಂಟು ಇಳಿಯುತ್ತಿದ್ದಲ್ಲಿ ಇಪ್ಪತ್ತೊಂದು ಇಳಿದವು. ಇದೇ ಹತ್ತೊಂಬತ್ತರಂದು ನಿಮ್ಮ ಮೇಲಿನವರ ಸಮಿತಿ ನಿಮಗೆ ಇಪ್ಪತ್ತು ನಿಮಿಷ ಕೊಟ್ಟಿದೆ. ತಾಸಿಗೆ ಮೂರು ವಿಮಾನ ಹೆಚ್ಚಿಗೆ ತೋರಿಸಿದರೆ ಪ್ರಯೋಗಕ್ಕೆ ಒಪ್ಪುತ್ತಾರೆ, ಒಂದು ಕಡಿಮೆಯಾದರೂ ಕಡತ ಕಟ್ಟಿ ಮೇಲಿಡುತ್ತಾರೆ. ಎರಡು ವರ್ಷದ ಕೆಲಸ, ಹಬ್ಬಕ್ಕೂ ಊರಿಗೆ ಬಂದಿಲ್ಲ ಎಂದು ನಿಮ್ಮ ತಾಯಿಯವರು ಹೇಳಿದರು. ಅಂಥ ಕೆಲಸಕ್ಕೆ ನೀವು ನನ್ನ ಗೇಟನ್ನೇ ಮೊದಲ ಮಾತಾಗಿ ಇಟ್ಟುಕೊಂಡಿದ್ದೀರಿ. ಕಾಯುವವರು ಒಬ್ಬರೂ ಇರಲಿಲ್ಲ ಎಂಬ ನನ್ನ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿ, ಕೊನೆಯಲ್ಲಿ ಓದುತ್ತೇನೆ ಎಂದಿದ್ದೀರಿ.

ದಯವಿಟ್ಟು ಓದಬೇಡಿರಿ. ಅದು ಸುಳ್ಳು.

ಆ ದಿನ, ಅಂದರೆ ಮಾರ್ಚ್ ಹತ್ತು, ಶನಿವಾರ, ಸಂಜೆ ಐದಕ್ಕೆ ಗೇಟಿನ ಮುಂದೆ ಒಬ್ಬಾಕೆ ಇದ್ದಳು. ಹೆಸರು ದುಂಡವ್ವ, ಶಲವಡಿಯಾಕೆ. ಆಗ ನನಗೆ ಹೆಸರು ಗೊತ್ತಿರಲಿಲ್ಲ. ಐವತ್ತು ವರ್ಷ ಇರಬಹುದು. ಮುಂಜಾನೆ ಒಂಬತ್ತಕ್ಕೆ ಬಂದ ಚಕ್ಕಡಿ ಆಕೆಯದು. ಗಾಡಿಗಳ ಮೊದಲ ಗುಂಪನ್ನು ಬಿಟ್ಟಾಗ ಆಕೆ ಕೊನೆಯವಳು. ಆಕೆಯ ಒಂದು ಎತ್ತು ಓಣಿಯ ಬಾಯಲ್ಲಿ ಜಗ್ಗಿ ನಿಂತಿತು. ಮಾಬುಸಾಬ, "ಬಾಜೂಕ ತಗೋ ಬೇ, ಮುಂದಿನ ಗುಂಪಿನ್ಯಾಗ ಪೈಲೇ ನಂಬರ ನಿಂದ" ಎಂದ. ಆಕೆ ಬಾಜೂಕ ತೆಗೆದುಕೊಂಡಳು. ಆಮೇಲೆ ಟ್ರ್ಯಾಕ್ಟರುಗಳು ಹೋದವು. ಮೊದಲೆರಡು ನಮ್ಮವೇ, ಅಪ್ಪನವು. ಮುಂದಿನ ಗುಂಪು ಕೂಡಲೇ ಇಲ್ಲ. ಊರೂರಲ್ಲಿ ಟ್ರ್ಯಾಕ್ಟರ್ ಬಂದಿವೆ, ಮಧ್ಯಾಹ್ನದ ಮೇಲೆ ಗಾಡಿ ತರುವವರೇ ಕಡಿಮೆ. ಒಂದೇ ಗಾಡಿಗಾಗಿ ಹೊಗೆ ಇಳಿಸುತ್ತ ನಿಲ್ಲುವ ಹೊತ್ತಿಗೆ ಎರಡು ಟ್ರ್ಯಾಕ್ಟರ್ ತೂಗಿ ಹೋಗುತ್ತವೆ. ಲೆಕ್ಕಕ್ಕೆ ಅದೇ ಸರಿ. ಪ್ರತಿ ಸಲವೂ ಅದೇ ಸರಿ.

ನಡುವೆ ದುಂಡವ್ವ ಕೂಗಿದ್ದು ನನಗೆ ಮಾಳಿಗೆಗೆ ಕೇಳಿತ್ತು. "ಏ ಮಾಬುಸಾಬಾ, ನನ್ನ ಗಾಲಿಗೆ ಇಲ್ಲೇ ಬೇರ ಬಿಟ್ಟಾವ ನೋಡೋ!" ಒಬ್ಬ ಡ್ರೈವರ್ ಇಣುಕಿ, "ಯವ್ವಾ, ನಿನ್ನ ಎತ್ತಿಗೆ ಒಂದ ಕ್ಯಾನ ಡೀಸಲ್ ಕುಡಸ" ಎಂದ. ಆಕೆಯೂ ಬಿಡಲಿಲ್ಲ. "ಕುಡಸ್ತೀನಿ, ನಿನ್ನ ಟ್ರ್ಯಾಕ್ಟರ್‌ಗೆ ಕಣಕಿ ಹಾಕ್ತೇನ, ಸಗಣಿ ಹಾಕತೈತೇನ್ ನೋಡೂಣು" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂರರ ಹೊತ್ತಿಗೆ ಆಕೆ ಎತ್ತಿಗೆ ನೀರು ಕೇಳಿದಳು, ಯಾರೂ ಕೊಡಲಿಲ್ಲ. ಐದಕ್ಕೆ ಕಾಟಾ ಬಂದ್ ಆಯಿತು. ಆಕೆ ಗಾಡಿ ತಿರುಗಿಸಿಕೊಂಡು, ತುಂಬಿದ ಹತ್ತಿಯ ಸಮೇತ ಹೋದಳು. ಅಂದು ಎಲ್ಲ ಸೇರಿ ನಲವತ್ಮೂರು ಒಳಗೆ ಹೋಗಿದ್ದವು, ಜಿನ್ನಿನವರು ಮಾಬುಸಾಬನ ಬೆನ್ನು ತಟ್ಟಿದರು. ಆ ಎಣಿಕೆಯಲ್ಲಿ ದುಂಡವ್ವ ಎಲ್ಲೂ ಇರಲಿಲ್ಲ.

ಎಲ್ಲವನ್ನೂ ನೋಡಿ ಬರೆಯಲು ಕೂತವಳು ಇದನ್ನು ಯಾಕೆ ಬಿಟ್ಟೆ? ನಾಲ್ಕು ದಿನದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ನಾನು ಬರೆದ ಪತ್ರವನ್ನು ಅಂಚೆಗೆ ಹಾಕುವ ಮುನ್ನ ಅಪ್ಪ ಓದುತ್ತಾರೆ, ನಮ್ಮಲ್ಲಿ ಅದು ರೂಢಿ, ಅದಕ್ಕೇ ಬಿಟ್ಟೆ ಎಂದು ನಿಮಗೆ ಹೇಳಬಹುದಿತ್ತು. ಆದರೆ ಅಪ್ಪ ಓದುವುದಕ್ಕೂ ಮೊದಲೇ ನಾನು ಅದನ್ನು ಬಿಟ್ಟಿದ್ದೆ. ಆಕೆ ಇದ್ದರೆ ಕೊನೆಯ ವಾಕ್ಯ ನಿಲ್ಲುತ್ತಿರಲಿಲ್ಲ. ನಿಮಗೆ ನನ್ನ ಬರವಣಿಗೆ ಇಷ್ಟವಾಗಲಿ ಎಂಬ ಆಸೆ ನನಗೆ ಅಷ್ಟಿತ್ತು.

ಮೊನ್ನೆ ಗುರುವಾರ ದುಂಡವ್ವನ ಗಾಡಿ ಮತ್ತೆ ಬಂತು, ಎರಡನೆಯ ಸಲ ಬಿಡಿಸಿದ ಹತ್ತಿ ಹೇರಿಕೊಂಡು. ಮಾಳಿಗೆಯಿಂದ ನೋಡಿದೆ. ಅಂದು ಜಗ್ಗಿ ನಿಂತಿದ್ದ ಎತ್ತು ಈಗಲೂ ಕಿವಿ ಅಲ್ಲಾಡಿಸುತ್ತಿತ್ತು. ಆದರೆ ಗಾಡಿಗೆ ಬಿಗಿದ ಹಗ್ಗದಲ್ಲಿ ಒಂದು ಬೇವಿನ ಟೊಂಗೆ ಸಿಕ್ಕಿಸಿತ್ತು. ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರುಗಳ ಇನ್ನೊಂದು ಗುಂಪು ಹೋಯಿತು, ಮಾಬುಸಾಬ ಬಂದು ಎರಡನೆಯ ಟೊಂಗೆ ಸಿಕ್ಕಿಸಿದ. ಹಾಗೇಕೆಂದು ನನಗೆ ತಿಳಿಯಲಿಲ್ಲ. ಮುಂದೆ ನಾನು ಮಾಡಿದ್ದನ್ನು ನೀವು ನಂಬಲಿಕ್ಕಿಲ್ಲ. ಒಂದು ಕೊಡ ನೀರು ತೆಗೆದುಕೊಂಡು, ಸೆರಗು ಹೊದ್ದು, ರಸ್ತೆ ದಾಟಿ ಗೇಟಿಗೆ ಹೋದೆ. ಹುಟ್ಟಿದಂದಿನಿಂದ ಆ ಗೇಟನ್ನು ನೋಡುತ್ತಿದ್ದೇನೆ. ಅಲ್ಲಿ ಹೋಗಿ ನಿಂತದ್ದು ಅಂದೇ ಮೊದಲು.

ನಾನು ಕೊಡವನ್ನು ಎತ್ತಿನ ಮುಂದೆ ಇಟ್ಟಾಗ ದುಂಡವ್ವ ನನ್ನನ್ನೂ ನಮ್ಮ ಮಾಳಿಗೆಯನ್ನೂ ಒಂದು ಗಳಿಗೆ ನೋಡಿ, "ಅಂತೂ ಇಳದ ಬಂದಿ ಬಿಡವಾ" ಎಂದಳು. ಅಷ್ಟೇ ಅಂದದ್ದು. ಆಮೇಲೆ ನಾನು ಕೇಳಿದ್ದಕ್ಕೆಲ್ಲ ಹೇಳಿದಳು. ಅಂದು ತಂದ ಜೋಡಿಯಲ್ಲಿ ಒಂದೇ ಎತ್ತು ಆಕೆಯದು, ಇನ್ನೊಂದನ್ನು ನೆರೆಯವರಿಂದ ಒಂದು ದಿನಕ್ಕೆಂದು ಕೇಳಿ ತಂದದ್ದು. ಮರುದಿನ ರವಿವಾರ ಜಿನ್ನು ಬಂದ್. ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವಂತಿಲ್ಲ. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ, ಅದು ಆಕೆಗೂ ಗೊತ್ತು. ಮಂಗಳವಾರದಿಂದ ನೆರೆಯವರಿಗೇ ಎತ್ತು ಬೇಕಾಯಿತು. ಮತ್ತೆ ಜೋಡಿ ಸಿಗಲು ಹತ್ತು ದಿನವಾಯಿತಂತೆ. ಆಕೆಯ ಮನೆ ಎಂದರೆ ಒಂದೇ ಕೋಣೆ. ಅದರ ತುಂಬ ಹತ್ತಿ. ಹತ್ತಿಯ ಬಾಜು ಒಲೆ ಹಚ್ಚುವ ಹಾಗಿಲ್ಲವಲ್ಲ, ಹತ್ತು ದಿನ ಬಯಲಲ್ಲಿ ಮೂರು ಕಲ್ಲು ಹೂಡಿ ರೊಟ್ಟಿ ಬಡಿದಳಂತೆ. "ಗಾಳಿಗೆ ಬೆಂಕಿ ನಿಲ್ಲೂದಿಲ್ಲವಾ, ಒಂದ ಬಾಜೂ ಬೆಂದ್ರ ಒಂದ ಬಾಜೂ ಹಸಿ" ಎಂದು ನಗುತ್ತಲೇ ಹೇಳಿದಳು.

ಮಾಬುಸಾಬನನ್ನು ಟೊಂಗೆಯ ಬಗ್ಗೆ ಕೇಳಿದೆ. ನಾನು ಮಾತಾಡಿದ್ದು ಕೇಳಿ ಅವನಿಗೇ ಗಾಬರಿಯಾಯಿತೇನೋ, ಸ್ಟೂಲಿನಿಂದ ಎದ್ದು ನಿಂತ. "ಏನ್ ಹೇಳ್ಲೆವಾ. ಆಕಿ ಹಳ್ಳಿ ನನ್ನ ಬೀಗರ ಊರು. ಮರದಿನಾ ರವಿವಾರ ಹೋಗಿದ್ನಿ. ನೋಡಿದ್ರ ಬಯಲಾಗ ಕುಂತು ರೊಟ್ಟಿ ಬಡ್ಯಾಕತ್ತಾಳ. ಯಾಕಬೇ ಅಂದೆ. ನಿನ್ನ ಹೆಸರ್ಲೆ ವನಭೋಜನ ಮಾಡಾಕತ್ತೀನೋ ಅಂದ್ಲು. ತಲಿ ಎತ್ತಾಕ ಆಗ್ಲಿಲ್ಲ. ನಾ ಒಳಗ ಹೋದಾವ ಎಣಿಸಿದ್ನಿ, ಹೊರಗ ಉಳದಾವ ಎಣಿಸಲಿಲ್ಲ." ಅಂದಿನಿಂದ ಅವನು ಹೀಗೆ ಮಾಡುತ್ತಾನೆ. ಗುಂಪು ಮಾಡಿ ಬಿಡುವುದು ಬಿಟ್ಟಿಲ್ಲ. ಆದರೆ ಯಾವುದೇ ಗಾಡಿಯನ್ನು ನಿಲ್ಲಿಸಿ ಒಂದು ಗುಂಪು ಮುಂದೆ ಹೋಯಿತೆಂದರೆ ಅದಕ್ಕೆ ಒಂದು ಟೊಂಗೆ. ಎರಡು ಟೊಂಗೆಯಾದ ಗಾಡಿಯನ್ನು ಯಾರೂ ದಾಟುವಂತಿಲ್ಲ. ಹಿಂದೆ ಹತ್ತು ಟ್ರ್ಯಾಕ್ಟರ್ ಇರಲಿ, ಎಂಜಿನ್ ಬಂದ್ ಮಾಡಿ ಹೊಗೆ ಇಳಿಯುವವರೆಗೆ ನಿಲ್ಲಬೇಕು. ಗುರುವಾರ ದುಂಡವ್ವ ಹನ್ನೊಂದರೊಳಗೆ ತೂಗಿಸಿ ಹೋದಳು. ಆಕೆಗಾಗಿ ಎಂಜಿನ್ ಬಂದ್ ಮಾಡಿ ನಿಂತವುಗಳಲ್ಲಿ ನಮ್ಮ ಟ್ರ್ಯಾಕ್ಟರೂ ಒಂದು. ಅಪ್ಪ ಊಟಕ್ಕೆ ಕೂತಾಗ, "ಒಂದ ಚಕ್ಕಡಿ ಸಲುವಾಗಿ ಆರ ಟ್ರ್ಯಾಕ್ಟರ್ ನಿಂದರಸ್ತಾನ, ಇವ ಏನ ಕಲೆಕ್ಟರೇನ?" ಎಂದರು. "ಆಕೀ ಪಾಳಿ ಇತ್ತಪ್ಪಾ" ಎಂದೆ. ಅವ್ವ ಅವರಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಈಗ ನಿಮ್ಮ ಕೆಲಸದ ಮಾತು. ನನಗೆ ವಿಮಾನದ ಬಗ್ಗೆ ಏನೂ ತಿಳಿಯದು, ತಪ್ಪಿದ್ದರೆ ನಕ್ಕುಬಿಡಿರಿ. ನಿನ್ನೆ ನಾನು ಹುಣಸೆಬೀಜಗಳನ್ನು ದೊಡ್ಡ ವಿಮಾನವೆಂದೂ ಕಡಲೆಯನ್ನು ಸಣ್ಣವೆಂದೂ ಮಾಡಿ, ನೀವು ಬರೆದ ನಿಮಿಷಗಳನ್ನೇ ಹಿಡಿದು ನೆಲದ ಮೇಲೆ ಇಳಿಸುತ್ತ ಕೂತೆ. ಕಡಲೆಗಳು ನಾಲ್ಕೈದು ಕೂಡಿ ಬಂದರೆ ನಿಮ್ಮ ಲೆಕ್ಕ ಚೆನ್ನಾಗಿ ನಡೆಯುತ್ತದೆ. ಆದರೆ ಹುಣಸೆಬೀಜಗಳ ನಡುವೆ ಒಂದೇ ಒಂದು ಕಡಲೆ ಬಂದರೆ ಅದು ಮೇಲೆಯೇ ಸುತ್ತುತ್ತದೆ. ಪ್ರತಿ ಸಲ ಇನ್ನೊಂದು ದೊಡ್ಡದನ್ನು ಮೊದಲು ಇಳಿಸುವುದೇ ಲಾಭ. ಎತ್ತು ಬಾಯಾರಿದರೆ ಊರ ದಾರಿ ಹಿಡಿಯಬಹುದು. ನಿಮ್ಮ ಸಣ್ಣ ವಿಮಾನದಲ್ಲಿ ಎಣ್ಣೆ ತೀರುತ್ತ ಬಂದರೆ ಅದು ಎಲ್ಲಿಗೆ ತಿರುಗಿ ಹೋಗಬೇಕು? ನೀವು ತೆಗೆದುಕೊಂಡ ಆ ಒಂದು ದಿನದಲ್ಲಿ ಅಂಥ ಒಂಟಿ ವಿಮಾನ ಇರಲಿಲ್ಲವೇನೋ. ಇಂಥ ಒಂದು ದಿನವನ್ನೂ ಹುಡುಕಿ, ಬೆಂಕಿಪೆಟ್ಟಿಗೆಗಳನ್ನು ಮತ್ತೆ ಹರಡಿ ನೋಡಿರಿ. ಆ ಕಾಗದದ ಪಟ್ಟಿಯ ಮೂಲೆಯಲ್ಲಿ ಒಂದು ಗುರುತು ಹಾಕಬಹುದಲ್ಲ, ಟೊಂಗೆಯ ಬದಲು? ಎರಡು ಗುರುತಾದದ್ದನ್ನು ಯಾವ ದೊಡ್ಡ ವಿಮಾನವೂ ದಾಟಬಾರದು.

ಹೀಗೆ ಮಾಡಿದರೆ ಏನಾಗುತ್ತದೆಂದೂ ನೋಡಿದೆ. ನನ್ನ ಎಣಿಕೆಯಲ್ಲಿ ತಾಸಿಗೆ ಇಪ್ಪತ್ತೊಂದು ಬರಲಿಲ್ಲ. ಇಪ್ಪತ್ತು ಬಂತು. ಮೂರು ಸಲ ಮಾಡಿದೆ, ಮೂರು ಸಲವೂ ಇಪ್ಪತ್ತೇ. ಒಂದು ಕಡಿಮೆ. ಆ ಒಂದಕ್ಕಾಗಿ ನಿಮ್ಮ ಕಡತ ಕಟ್ಟಿ ಮೇಲಿಡುತ್ತಾರೆಂದು ನನಗೆ ಗೊತ್ತು. ಪತ್ರ ಬರೆಯದೆ ಸುಮ್ಮನಿದ್ದರೆ ನೀವು ಗೆಲ್ಲುತ್ತೀರಿ ಎಂದೂ ಗೊತ್ತು. ನಿನ್ನೆಯೆಲ್ಲ ಹಾಗೆ ಸುಮ್ಮನಿರುವುದನ್ನೇ ಯೋಚಿಸಿದೆ. ಆದರೆ ಮುಂದೆ ಎಂದಾದರೂ ನೀವು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತಾಗ, ನನ್ನ ವಾಕ್ಯವನ್ನು ನಂಬಿ ನೀವು ಪಕ್ಕಕ್ಕಿಟ್ಟ ಪಟ್ಟಿಯೊಂದು ಹಾಗೇ ಉಳಿದುಬಿಟ್ಟರೆ, ಅಂದು ಮನೆಯಲ್ಲಿ ನಾನು ನಿಮಗೆ ಊಟ ಬಡಿಸುತ್ತ ಏನು ಮಾತಾಡಲಿ?

ಸಮಿತಿಗೆ ಏನು ಹೇಳಬೇಕೆಂಬುದು ನಿಮಗೆ ಬಿಟ್ಟದ್ದು. ಗೇಟಿನ ಕಥೆ ಬೇಕಿದ್ದರೆ ಪೂರ್ತಿ ಹೇಳಿರಿ, ದುಂಡವ್ವನ ಸಮೇತ, ಮೂರು ಕಲ್ಲಿನ ಒಲೆಯ ಸಮೇತ. ಕೊನೆಯ ವಾಕ್ಯವನ್ನು ಹೊಡೆದುಹಾಕಿರಿ. ಬರೆದದ್ದರಲ್ಲಿ ಒಮ್ಮೆ ಸುಳ್ಳು ಬೆರೆಸಿದವಳ ಜೊತೆ ಸಂಸಾರ ಹೇಗೆ ಎಂದು ನಿಮಗೆ ಅನ್ನಿಸಿದರೆ ಅದನ್ನೂ ತೆರೆದ ಮನಸ್ಸಿನಿಂದ ಬರೆಯಿರಿ. ಮುಹೂರ್ತಕ್ಕೆ ಇನ್ನೂ ಐದು ವಾರವಿದೆ, ಲಗ್ನಪತ್ರಿಕೆ ಅಚ್ಚಿಗೆ ಹೋಗಿಲ್ಲ. ಈ ಪತ್ರವನ್ನು ಅಪ್ಪನ ಕೈಗೆ ಕೊಡುವುದಿಲ್ಲ. ಸ್ಟೇಷನ್ನಿನ ಹತ್ತಿರದ ಅಂಚೆ ಪೆಟ್ಟಿಗೆಗೆ ನಾನೇ ನಡೆದುಹೋಗಿ ಹಾಕುತ್ತೇನೆ. ಗೇಟಿನವರೆಗೆ ಹೋಗಿ ಬಂದವಳಿಗೆ ಅದೇನು ದೂರವಲ್ಲ.

ಉತ್ತರಕ್ಕೆ ಕಾಯುತ್ತಿರುವ,
ರೇವವ್ವ

ತಾ.ಕ.: ಲಕೋಟೆ ಅಂಟಿಸುವ ಮುನ್ನ ಒಮ್ಮೆ ಓದಿ ನೋಡಿದೆ. ಇದರಲ್ಲೂ ಒಂದು ವಾಕ್ಯ ಅದೇ ಜಾತಿಯದು ಉಳಿದಿದೆ. 'ಆಕೆ ಎತ್ತಿಗೆ ನೀರು ಕೇಳಿದಳು, ಯಾರೂ ಕೊಡಲಿಲ್ಲ' ಎಂದು ಬರೆದಿದ್ದೇನೆ. ಆಕೆ ಕೇಳಿದ್ದು ನನ್ನನ್ನೇ. ತಲೆ ಎತ್ತಿ ಮಾಳಿಗೆಯ ಕಡೆ ನೋಡಿ, "ತಂಗೀ, ಎತ್ತಿಗೆ ಒಂದ ಕೊಡ ನೀರ ಇಳಸ್ತೀಯೇನವಾ?" ಎಂದು ಕೇಳಿದಳು. ನಮ್ಮ ಕೊಡವನ್ನು ಆಕೆಯ ಕೇರಿಯವರಿಗೆ ಕೊಟ್ಟರೆ ಮನೆಯಲ್ಲಿ ಏನನ್ನುವರೋ ಎಂದು ಅಂಜಿ, ಕೇಳಿಸಲೇ ಇಲ್ಲವೆಂಬಂತೆ ಪುಸ್ತಕ ಎತ್ತಿಕೊಂಡು ಒಳಗೆ ಹೋದೆ. ಗುರುವಾರ ಕೊಟ್ಟದ್ದು ಅದೇ ಕೊಡ. ಮೈಲಿಗೆಯೆಂದು ಅದನ್ನು ಅವ್ವ ಇನ್ನೂ ಒಳಗೆ ತೆಗೆದುಕೊಂಡಿಲ್ಲ, ಹೊರಗೆ ಕಟ್ಟೆಯ ಮೇಲಿದೆ. ನಾನು ಈಗ ಅದರಲ್ಲೇ ನೀರು ಕುಡಿಯುತ್ತೇನೆ.